ಕೊಂದುಸೀರೋ, ಮನೆಹಾರೋ? ಸ್ಪ್ಯಾನಿಷ್ ನಾಡಲ್ಲಿ ಗಾಡಿ ಓಡಿಸುವವರಿಗೆ

ಪ್ರಶ್ನೆ: ನಾನು ಹಾಸನದವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಮುಂದಿನ ತಿಂಗಳು ಕಂಪನಿ ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಾಕ್ಕೆ ಹೋಗುತ್ತಿದ್ದೇನೆ, ಒಂದೂವರೆ ವರ್ಷ ಅಲ್ಲೇ. ಎಂಟು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ನನ್ನ ಆನ್‌ಲೈನ್ ಟೀಚರ್ ಸ್ಪೇನ್‌ನವರು. ಡ್ರೈವ್ ಮಾಡೋದಕ್ಕೆ 'ಕೊಂದುಸೀರ್' ಅಂತ ಹೇಳಿಕೊಟ್ಟರು. ಗ್ವಾದಲಹಾರಾದ ಸಹೋದ್ಯೋಗಿ ಯಾವಾಗಲೂ 'ಮನೆಹಾರ್' ಅನ್ನುತ್ತಾರೆ. ಅದನ್ನೇ ಕ್ಲಾಸಲ್ಲಿ ಹೇಳಿದರೆ ಟೀಚರ್ ತಿದ್ದುತ್ತಾರೆ. ಮೊನ್ನೆ ಆ ಸಹೋದ್ಯೋಗಿಗೆ 'ನಾನು ದಿನಾ ಆಫೀಸ್‌ಗೆ ಡ್ರೈವ್ ಮಾಡ್ತೀನಿ' ಅಂತ ಸ್ಪ್ಯಾನಿಷ್‌ನಲ್ಲಿ ಹೇಳಿದೆ. 'ಅರ್ಥ ಆಯ್ತು, ಆದರೆ ನಾವು ಹಾಗೆ ಹೇಳಲ್ಲ' ಅಂತ ನಕ್ಕರು. ಯಾವ ಪದ ಸರಿ? ಅಲ್ಲಿ ಹೋಗಿ ಕಾರು ಬಾಡಿಗೆಗೆ ತಗೊಳ್ಳಬೇಕು. ಇನ್ನೇನೇನು ಪದ ತಿಳಿದಿರಬೇಕು?

ಉತ್ತರ: ಇಬ್ಬರೂ ಸರಿ. ನಿಮ್ಮ ಟೀಚರ್ ತಮ್ಮ ಊರಿನ ಮಾತು ಹೇಳಿಕೊಟ್ಟರು, ಸಹೋದ್ಯೋಗಿ ತಮ್ಮ ಊರಿನ ಮಾತು ಆಡಿದರು. ನೀವು ಹೋಗುತ್ತಿರುವುದು ಗ್ವಾದಲಹಾರಾಕ್ಕೆ, ಹಾಗಾಗಿ ಇವತ್ತಿನಿಂದಲೇ 'ಮನೆಹಾರ್' ಹಿಡಿದುಕೊಳ್ಳಿ. ಟೀಚರ್ ತಿದ್ದಿದರೆ 'ನಾನು ಹೋಗ್ತಿರೋದು ಮೆಕ್ಸಿಕೋಗೆ' ಅಂತ ಒಂದು ಮಾತು ಹೇಳಿ. ಆಮೇಲೂ ತಿದ್ದಿದರೆ ಟೀಚರನ್ನು ಬದಲಾಯಿಸಿ. ನಾನೂ 14 ವರ್ಷದಿಂದ ಬೆಂಗಳೂರಲ್ಲಿ ಸ್ಪ್ಯಾನಿಷ್ ಪಾಠ ಹೇಳುತ್ತಿದ್ದೇನೆ, ಆ ಹಟ ನನಗೂ ಇತ್ತು. ಮೆಕ್ಸಿಕೋದಲ್ಲಿ ನಾಲ್ಕು ದಿನ ಕಾರು ಓಡಿಸಿದ ಮೇಲೆ ಹೋಯಿತು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಸಹೋದ್ಯೋಗಿ ನಕ್ಕ ವಿಷಯ. ಅದಕ್ಕೆ ಬರುತ್ತೇನೆ. ಮೊದಲು ಈ ಎರಡು ಪದಗಳನ್ನು ಮುಗಿಸಿಬಿಡೋಣ.

'ಕೊಂದುಸೀರ್' ಸ್ಪೇನ್‌ನಲ್ಲಿ ದಿನಬಳಕೆಯ ಪದ. ಅಲ್ಲಿನ ಬಹುಪಾಲು ಜನ ಆ 'ಸೀ' ಅನ್ನು ನಾಲಿಗೆಯ ತುದಿ ಹಲ್ಲುಗಳ ನಡುವೆ ಇಟ್ಟು ಹೇಳುತ್ತಾರೆ, ಮೆಕ್ಸಿಕೋದಲ್ಲಿ ಅದು ನಮ್ಮ 'ಸ'ನೇ. ಲ್ಯಾಟಿನ್‌ನಿಂದ ಬಂದ ಪದ, ನಡೆಸಿಕೊಂಡು ಹೋಗು ಅನ್ನುವ ಅರ್ಥ. ನಮ್ಮ ಕಿವಿಗೆ ಮಾತ್ರ ಮೊದಲು ಬೀಳೋದು 'ಕೊಂದು'. ಪ್ರತಿ ಬ್ಯಾಚಲ್ಲೂ ಯಾರಾದರೂ ಒಬ್ಬರು 'ಯಾರನ್ನ ಮೇಡಂ?' ಅಂತ ಕೇಳೇ ಕೇಳುತ್ತಾರೆ. 'ಮನೆಹಾರ್' ಇಟಲಿಯ ಭಾಷೆಯಿಂದ ಬಂದದ್ದು. ಅದರೊಳಗೆ ಕೈ ಇದೆ, 'ಮಾನೊ' ಅಂದರೆ ಕೈ. ಕುದುರೆಯನ್ನು ಹತೋಟಿಯಲ್ಲಿಟ್ಟು ನಡೆಸುವುದಕ್ಕೂ ಈ ಪದವಿತ್ತು, ಆಮೇಲೆ ಕಾರಿಗೂ ಬಂತು. ಎತ್ತಿನ ಗಾಡಿ ಹೊಡೆಯುತ್ತಿದ್ದ ನಾವು ಈಗ ಲಾರಿನೂ 'ಹೊಡೀತೀವಿ' ಅಲ್ವಾ, ಹಾಗೇ.

ಸ್ಪೇನ್‌ನಲ್ಲಿ 'ಮನೆಹಾರ್' ಅಂದರೆ ಉಪಕರಣ, ದುಡ್ಡು, ಜನ ಇವನ್ನೆಲ್ಲ ನಿಭಾಯಿಸೋದು. ಕಾರಿಗೆ ಬಳಸಿದರೆ ಅರ್ಥ ಆಗುತ್ತದೆ, 'ಓ, ಅಮೆರಿಕ ಖಂಡದ ಸ್ಪ್ಯಾನಿಷ್' ಅಂದುಕೊಳ್ಳುತ್ತಾರೆ ಅಷ್ಟೇ. 1713ರಲ್ಲಿ ಶುರುವಾದ ಸ್ಪೇನ್‌ನ ರಾಯಲ್ ಅಕಾಡೆಮಿಯ ನಿಘಂಟು ಕೂಡ ಈ ಅರ್ಥದ ಪಕ್ಕ ಅಮೆರಿಕದ ಬಳಕೆ ಅಂತ ಗುರುತು ಹಾಕಿದೆ, ತಪ್ಪು ಅಂತಲ್ಲ. ಮೆಕ್ಸಿಕೋದ ಜನಸಂಖ್ಯೆ ಸ್ಪೇನ್‌ನ ಎರಡೂವರೆ ಪಟ್ಟಿಗಿಂತ ಜಾಸ್ತಿ. ಯಾರು ಯಾರನ್ನು ತಿದ್ದಬೇಕು ಅಂತ ನೀವೇ ಯೋಚಿಸಿ. ಪೋರ್ಟೊರಿಕೊದಲ್ಲಿ ಮೂರನೇ ಪದ ಕೇಳಿಸುತ್ತದೆ, 'ಗಿಯಾರ್', ದಾರಿ ತೋರಿಸು ಅಂತ. ಗ್ವಾದಲಹಾರಾಕ್ಕೆ ಅದು ಬೇಡ.

'ಮನೆಹಾರ್' ಹಿಡಿದರೆ ವ್ಯಾಕರಣದಲ್ಲೂ ಲಾಭ. ಅದು ಸಾಧು ಕ್ರಿಯಾಪದ. ಓಡಿಸುತ್ತೇನೆ ಅನ್ನೋಕೆ 'ಮನೇಹೊ', ಓಡಿಸಿದೆ ಅನ್ನೋಕೆ 'ಮನೆಹೇ'. 'ಕೊಂದುಸೀರ್' ಹಾಗಲ್ಲ. ಓಡಿಸುತ್ತೇನೆ 'ಕೊಂದೂಸ್ಕೊ', ಓಡಿಸಿದೆ 'ಕೊಂದೂಹೆ', ಅವರು ಓಡಿಸಿದರು 'ಕೊಂದುಹೇರೊನ್'. ಸ್ಪೇನ್‌ನ ಮಕ್ಕಳೂ ಇದರಲ್ಲಿ ಎಡವಿ ಬೈಸಿಕೊಳ್ಳುತ್ತವೆ. ಹಾಗಂತ ಮರೆಯಬೇಡಿ, ಮೆಕ್ಸಿಕೋದ ಸರ್ಕಾರಿ ಕಾಗದಗಳಲ್ಲಿ 'ಕೊಂದುಸೀರ್' ಬರುತ್ತದೆ. ಡಿಎಲ್‌ಗೆ 'ಲಿಸೆನ್ಸಿಯಾ ದೆ ಕೊಂದುಸೀರ್' ಅಂತಲೇ ಬರೆದಿರುತ್ತಾರೆ. ನಾವು ಬಾಯಲ್ಲಿ 'ಓಡಿಸು' ಅಂದು, ಆರ್‌ಟಿಒ ಬೋರ್ಡಲ್ಲಿ 'ಚಾಲನಾ ಪರವಾನಗಿ' ಅಂತ ಓದುವ ಹಾಗೆ.

ಎರಡೂ ದೇಶಗಳ ವ್ಯತ್ಯಾಸ ಒಂದೇ ಕಡೆ ನೋಡಬೇಕು ಅಂದರೆ 'ಕುಡಿದು ಓಡಿಸಬೇಡಿ' ಅನ್ನುವ ಎಚ್ಚರಿಕೆ ತಗೊಳ್ಳಿ. ಸ್ಪೇನ್‌ನಲ್ಲಿ ಅದು 'ಸಿ ಬೇಬೆಸ್, ನೊ ಕೊಂದೂಸ್ಕಾಸ್'. ಮೆಕ್ಸಿಕೋದ ಹೆದ್ದಾರಿಯಲ್ಲಿ 'ಸಿ ತೋಮಾ, ನೊ ಮನೇಹೆ'. ಓಡಿಸುವ ಪದ ಬೇರೆ, ಅದು ಗೊತ್ತಾಯಿತು. ಕುಡಿಯುವ ಪದವೂ ಬೇರೆ. ಸ್ಪೇನ್‌ನಲ್ಲಿ 'ತೊಮಾರ್' ಅಂದರೆ ಮುಖ್ಯವಾಗಿ ತೆಗೆದುಕೊಳ್ಳೋದು, ಮೆಕ್ಸಿಕೋದಲ್ಲಿ ಸುಮ್ನೆ 'ತೊಮಾರ್' ಅಂದರೆ ಎಣ್ಣೆ ಹಾಕೋದು. ನಮ್ಮಲ್ಲೂ 'ಅವ್ರು ತಗೋತಾರಾ?' ಅಂತ ಮೆಲ್ಲಗೆ ಕೇಳುತ್ತಾರಲ್ಲ, ಅದೇ. ಮೂರನೆಯದು ಮರ್ಯಾದೆ. ಸ್ಪೇನ್‌ನ ವಾಕ್ಯ ನಿಮಗೆ 'ನೀನು' ಅನ್ನುತ್ತದೆ, ಮೆಕ್ಸಿಕೋದ ಬೋರ್ಡು 'ನೀವು' ಅನ್ನುತ್ತದೆ. ಅಲ್ಲಿ ಗುರುತಿಲ್ಲದವರ ಹತ್ತಿರ, ಪೊಲೀಸರ ಹತ್ತಿರ, ಬಂಕಿನವರ ಹತ್ತಿರ 'ನೀವು' ಅನ್ನುವ 'ಉಸ್ತೇದ್' ರೂಪವೇ ಬಳಸಿ. ಕನ್ನಡದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈಗ ಸಹೋದ್ಯೋಗಿ ನಕ್ಕ ವಿಷಯ. ನಿಮಗೆ ಪದ ಗೊತ್ತಿಲ್ಲದೆ ಆಗಿದ್ದಲ್ಲ. ಇಂಗ್ಲಿಷ್ 'ಡ್ರೈವ್' ಮಧ್ಯೆ ಬಂದು ಕೂತಿತು, ಅಷ್ಟೇ. ಇಂಗ್ಲಿಷ್‌ನವರಿಗೆ ಅದೊಂದೇ ಪದ ಹತ್ತು ಕೆಲಸಕ್ಕೆ ಸಾಕು. ಆಫೀಸಿಗೆ ಡ್ರೈವ್, ಮನೆಗೆ ಡ್ರೈವ್, ಎರಡು ಗಂಟೆ ಡ್ರೈವ್, ಸಂಜೆ ಒಂದು ಡ್ರೈವ್. ಸ್ಪ್ಯಾನಿಷ್‌ನಲ್ಲಿ ಈ ಹತ್ತಕ್ಕೂ ಬೇರೆ ಬೇರೆ ಪದ. ಕನ್ನಡದಲ್ಲೂ ಹಾಗೇ. ನಾನು ಕ್ಲಾಸಲ್ಲಿ ಎಲ್ಲರಿಗೂ ಹೇಳೋದು ಇದನ್ನೇ: ಡ್ರೈವ್ ಪದವನ್ನು ಪಕ್ಕಕ್ಕಿಟ್ಟು, ಅಮ್ಮನ ಹತ್ತಿರ ಫೋನಲ್ಲಿ ಈ ಮಾತನ್ನು ಹೇಗೆ ಹೇಳುತ್ತಿದ್ದಿರಿ ಅಂತ ನೆನಪು ಮಾಡಿಕೊಳ್ಳಿ.

ಅಮ್ಮನ ಹತ್ತಿರ 'ನಾನು ಆಫೀಸಿಗೆ ಕಾರು ಓಡಿಸ್ತೀನಿ' ಅಂತೀರಾ? ಇಲ್ಲ. 'ಕಾರಲ್ಲಿ ಹೋಗ್ತೀನಿ' ಅಂತೀರಿ. ಸ್ಪ್ಯಾನಿಷ್‌ನವರೂ ಅದನ್ನೇ ಹೇಳುತ್ತಾರೆ, 'ಬೊಯ್ ಎನ್ ಕೋಚೆ', ಕಾರಲ್ಲಿ ಹೋಗುತ್ತೇನೆ. (ಬರೆಯುವಾಗ 'ವ', ಹೇಳುವಾಗ 'ಬ'. ವಿಜಯಪುರ ಬಿಜಾಪುರ ಆದ ಹಾಗೆ.) ಓಡಿಸುವ ಕೆಲಸದ ಬಗ್ಗೆಯೇ ಮಾತು ಬಂದಾಗ ಮಾತ್ರ 'ಮನೇಹೊ'. 'ನಂಗೆ ಓಡಿಸೋಕೆ ಬರುತ್ತೆ', 'ಇವತ್ತು ನೀನು ಓಡಿಸು, ನಂಗೆ ನಿದ್ದೆ ಬರ್ತಿದೆ' ಇಂಥ ಕಡೆ. ಅಮೆರಿಕದ ಗಡಿಯ ಹತ್ತಿರ ಇಂಗ್ಲಿಷ್ ಗಾಳಿ ತಾಗಿ ನಿಮ್ಮ ಥರದ ವಾಕ್ಯವೂ ಕೇಳಿಸುತ್ತದೆ. ಆದರೂ ಕಾರಲ್ಲಿ ಹೋಗೋದೇ ಸಹಜ.

'ನನ್ನ ಮನೆಗೆ ಬಿಡ್ತೀಯಾ?' ಅನ್ನೋದಕ್ಕೆ ಕನ್ನಡದಲ್ಲಿ ಓಡಿಸುವ ಮಾತೇ ಬರಲ್ಲ. ಸ್ಪ್ಯಾನಿಷ್‌ನಲ್ಲೂ ಬರಲ್ಲ. 'ಮೆ ಯೇಬಾಸ್ ಆ ಕಾಸಾ?', ಅಂದರೆ ನನ್ನ ಮನೆಗೆ ಕರ್ಕೊಂಡು ಹೋಗ್ತೀಯಾ. ಬೆಳಿಗ್ಗೆ ನಿಮ್ಮನ್ನು ಮನೆಯಿಂದ ಕರೆದುಕೊಂಡು ಹೋಗೋಕೆ ಸಹೋದ್ಯೋಗಿ ಬರುವುದಾದರೆ 'ಪಾಸೊ ಪೊರ್ ತಿ' ಅನ್ನುತ್ತಾರೆ, ನಿನಗೋಸ್ಕರ ಆ ಕಡೆ ಹಾದು ಬರ್ತೀನಿ ಅಂತ. ಸ್ಪೇನ್‌ನಲ್ಲಾದರೆ 'ತೆ ರೆಕೋಹೊ'. ದಾರಿಯಲ್ಲಿ ಡ್ರಾಪ್ ಕೇಳೋದಕ್ಕೆ ಮೆಕ್ಸಿಕೋದಲ್ಲಿ ಒಂದು ಚಂದದ ಪದ ಇದೆ, 'ಅಬೆಂತೋನ್'. ಎಸೆಯೋದು ಅನ್ನುವ ಕ್ರಿಯಾಪದದಿಂದ ಹುಟ್ಟಿದ್ದು. 'ನಂಗೊಂದು ಎಸೆತ ಕೊಡ್ತೀಯಾ?' ಅಂತ ಕೇಳಿದ ಹಾಗೆ.

'ಬೆಂಗಳೂರಿಂದ ಹಾಸನ ಎಷ್ಟು ದೂರ?' ಅಂದರೆ ನಾವು 'ಕಾರಲ್ಲಿ ಮೂರು ಗಂಟೆ ದಾರಿ' ಅನ್ನುತ್ತೇವೆ. ಅಲ್ಲೂ 'ಎಸ್ತಾ ಆ ತ್ರೇಸ್ ಓರಾಸ್', ಅದು ಮೂರು ಗಂಟೆಯಲ್ಲಿದೆ ಅಂತ. ಸಂಜೆ ಬೇಜಾರಾದಾಗ 'ಒಂದು ಸುತ್ತು ಹಾಕ್ಕೊಂಡು ಬರೋಣ' ಅನ್ನುತ್ತೇವಲ್ಲ, ಅದಕ್ಕೆ ಅವರು ಹೇಳೋದು 'ದಾರ್ ಉನಾ ಬ್ವೆಲ್ತಾ'. 'ಬ್ವೆಲ್ತಾ' ಅಂದರೆ ಸುತ್ತೇ. ಇಷ್ಟು ಹತ್ತಿರ ಇರುವಾಗ ಇಂಗ್ಲಿಷ್ ಮೇಲೆ ಹಾಯ್ದು ಹೋಗೋದು, ಹಾಸನಕ್ಕೆ ಹೋಗೋಕೆ ಹೈದರಾಬಾದ್ ಮೇಲೆ ಬಸ್ಸು ಹಿಡಿದ ಹಾಗಾಯಿತು. ಇನ್ನು ತಲೆ ಕೆಡಿಸುವವರ ಬಗ್ಗೆ ಹೇಳುವಾಗ ಇಂಗ್ಲಿಷ್‌ನವರು ಡ್ರೈವ್ ಬಳಸುತ್ತಾರೆ. ಅಲ್ಲಿ 'ಮನೆಹಾರ್' ಹಾಕಿಬಿಟ್ಟೀರಿ, ಹುಷಾರು. 'ಮೆ ಬ್ವೆಲ್ಬೆ ಲೋಕೊ' ಅನ್ನಿ, ನನ್ನ ಹುಚ್ಚ ಮಾಡಿಬಿಡ್ತಾನೆ ಅಂತ.

ಇದಕ್ಕಿಂತ ಒಳಗಿನ ಹೋಲಿಕೆ ಒಂದಿದೆ, ನನಗೆ ಬಹಳ ಇಷ್ಟ. ಟೈರ್ ಪಂಚರ್ ಆದರೆ ನಾವು 'ಪಂಚರ್ ಆಗ್ಬಿಡ್ತು' ಅನ್ನುತ್ತೇವೆ. ನಾನು ಮಾಡಿದ್ದಲ್ಲ, ಅದಾಗಿ ಅದೇ ಆಯಿತು, ಪಾಡು ಮಾತ್ರ ನನ್ನದು. ಆ 'ಆಗ್ಬಿಡ್ತು' ದನಿಗೆ ಸ್ಪ್ಯಾನಿಷ್‌ನಲ್ಲಿ 'ಸೆ ಮೆ' ಅನ್ನುವ ಜೋಡಿ ಇದೆ. 'ಸೆ ಮೆ ಪೊಂಚೋ ಲಾ ಯಾಂತಾ', ಟೈರ್ ಪಂಚರ್ ಆಗ್ಬಿಡ್ತು. 'ಸೆ ಮೆ ಅಪಗೋ ಎಲ್ ಕಾರ್ರೊ', ಕಾರು ಆಫ್ ಆಗ್ಬಿಡ್ತು. ಬಾಡಿಗೆ ಕಾರಿನವರಿಗೆ ಫೋನ್ ಮಾಡುವಾಗ ಈ 'ಸೆ ಮೆ' ಮರೆಯಬೇಡಿ, ಅರ್ಧ ತಪ್ಪು ಅಲ್ಲೇ ಕಳೆಯುತ್ತದೆ. 'ಪೊಂಚಾರ್' ಕೂಡ ನಮ್ಮ 'ಪಂಚರ್' ಹುಟ್ಟಿದ ಇಂಗ್ಲಿಷ್ ಮನೆಯಲ್ಲೇ ಹುಟ್ಟಿದ್ದು. ಪಂಚರ್ ಅಂಗಡಿಗೆ ಅಲ್ಲಿ 'ಬುಲ್ಕನಿಸದೋರಾ' ಅಥವಾ 'ಯಾಂತೇರಾ' ಅಂತ ಬೋರ್ಡು ಹಾಕಿರುತ್ತಾರೆ.

ಕಾರಿಗೆ ಏನನ್ನಬೇಕು? ಸ್ಪೇನ್‌ನಲ್ಲಿ 'ಕೋಚೆ'. ಹಂಗೇರಿಯ ಕೋಚ್ ಅನ್ನುವ ಹಳ್ಳಿಯಲ್ಲಿ ಮಾಡುತ್ತಿದ್ದ ಬಂಡಿಯಿಂದ ಬಂದ ಹೆಸರು. ನಮ್ಮ ರೈಲಿನ ಕೋಚ್ ಕೂಡ ಅದೇ ಹಳ್ಳಿಯದು. ಕೊಲಂಬಿಯಾ, ವೆನೆಜುವೆಲಾ, ಮಧ್ಯ ಅಮೆರಿಕದಲ್ಲಿ 'ಕಾರ್ರೊ'. ಇದು ನಮ್ಮ 'ಕಾರು' ಪದದ ಅಣ್ಣ. ಅರ್ಜೆಂಟೀನಾ, ಚಿಲಿಯಲ್ಲಿ 'ಔತೊ'. ಮೆಕ್ಸಿಕೋದಲ್ಲಿ ಮೂರೂ ಕೇಳಿಸುತ್ತದೆ, ಉತ್ತರಕ್ಕೆ ಹೋದಷ್ಟೂ 'ಕಾರ್ರೊ' ಜಾಸ್ತಿ. ನೀವು ಯಾವುದು ಹೇಳಿದರೂ ನಡೆಯುತ್ತದೆ. ಆದರೆ ಸ್ಪೇನ್‌ಗೆ ಹೋಗಿ 'ಕಾರ್ರೊ' ಅಂದರೆ ಅವರ ಕಣ್ಣಿಗೆ ಕಾಣೋದು ಎತ್ತಿನ ಗಾಡಿ, ಇಲ್ಲವೇ ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ. ಗ್ವಾಟೆಮಾಲಾದಲ್ಲಿ 'ಕೋಚೆ' ಅಂದರೆ ಹಂದಿ.

'ಕಾರ್ರೊ' ಹೇಳುವಾಗ 'ರ್ರ' ಗಟ್ಟಿಯಾಗಿ ಉರುಳಲಿ. ತೆಳ್ಳಗೆ 'ಕಾರೊ' ಅಂದುಬಿಟ್ಟರೆ 'ದುಬಾರಿ' ಅಂತ ಅರ್ಥ. ಹಳಗನ್ನಡದಲ್ಲಿ ನಮಗೂ ಎರಡು 'ರ' ಇದ್ದವು, ಒಂದನ್ನು ಕಳೆದುಕೊಂಡೆವು. ಅವರು ಎರಡನ್ನೂ ಉಳಿಸಿಕೊಂಡಿದ್ದಾರೆ. ಇದಕ್ಕೆ ಎದುರಾಗಿ ತ, ದ ವಿಷಯದಲ್ಲಿ ನಾವೇ ಗೆದ್ದೆವು. ಇಂಗ್ಲಿಷ್‌ನವರು ಒದ್ದಾಡುವ ಕಡೆ ನಮ್ಮ 'ತ' ಮತ್ತು 'ದ' ಹಾಗೇ ಹೊಂದುತ್ತವೆ. 'ಟ', 'ಡ' ಬಾಯಿಗೆ ತರಬೇಡಿ.

ಕನ್ನಡದವರೇ ಬೀಳುವ ಕೆಲವು ಗುಂಡಿಗಳಿವೆ. 'ಔತೊ' ಅಂತ ಬರೆದದ್ದು ಓದಿ ಆಟೋರಿಕ್ಷಾ ಅಂದುಕೊಂಡವರನ್ನು ನೋಡಿದ್ದೇನೆ. ನಾವು 'ಬೈಕ್' ಅಂದರೆ ಮೋಟಾರ್ ಸೈಕಲ್ಲು. ಅದೇ ಗುಂಗಲ್ಲಿ 'ಬೀಸಿ' ಬಾಡಿಗೆಗೆ ಕೇಳಿದರೆ ಅವರು ಸೈಕಲ್ ತಂದು ನಿಲ್ಲಿಸುತ್ತಾರೆ. ಬೈಕಿಗೆ 'ಮೋತೊ' ಅನ್ನಿ. 'ಒ'ದಲ್ಲಿ ಮುಗಿದರೂ ಅದು ಹೆಣ್ಣು, 'ಲಾ ಮೋತೊ'. ರಸ್ತೆಯಲ್ಲಿ ಕೆಂಪು ಎಂಟು ಮೂಲೆಯ ಫಲಕದ ಮೇಲೆ 'ಆಲ್ತೊ' ಅಂತ ಬರೆದಿರುತ್ತದೆ. ಅದು ಮಾರುತಿಯ ಜಾಹೀರಾತಲ್ಲ, 'ನಿಲ್ಲಿಸಿ' ಅಂತ. ದಕ್ಷಿಣ ಅಮೆರಿಕದಲ್ಲಿ ಅದೇ ಫಲಕ 'ಪಾರೆ' ಅನ್ನುತ್ತದೆ. ತಮಾಷೆ ಅಂದರೆ, ಸ್ಪೇನ್‌ನಲ್ಲಿ ಅದರ ಮೇಲೆ ಇರೋದು ಇಂಗ್ಲಿಷ್‌ನ 'ಸ್ಟಾಪ್'.

ಎಲ್ಲಕ್ಕಿಂತ ದೊಡ್ಡ ಗುಂಡಿ 'ಕೊಂದುಕ್ತೋರ್'. ಬಸ್ಸಲ್ಲಿ ಆ ಪದ ನೋಡಿದ ತಕ್ಷಣ ನಮ್ಮ ಕೈ ಚಿಲ್ಲರೆಗೆ ಹೋಗುತ್ತದೆ. ಆದರೆ ಅವರು ಟಿಕೆಟ್ ಕೊಡುವವರಲ್ಲ, ಬಸ್ಸು ಓಡಿಸುವವರು. 'ಕೊಂದುಸೀರ್' ಮಾಡುವವರು 'ಕೊಂದುಕ್ತೋರ್', ಸರಿಯಾಗೇ ಇದೆ. ಟಿಕೆಟ್ ದುಡ್ಡು ವಸೂಲಿ ಮಾಡುವವರು 'ಕೊಬ್ರದೋರ್'. ಮೆಕ್ಸಿಕೋದಲ್ಲಿ ಮಾತಾಡುವಾಗ ಡ್ರೈವರ್‌ಗೆ 'ಚೊಫೇರ್' ಅನ್ನೋದು ರೂಢಿ. ಟಿವಿ ಕಾರ್ಯಕ್ರಮ ನಡೆಸಿಕೊಡುವವರೂ ಅಲ್ಲಿ 'ಕೊಂದುಕ್ತೋರ್'. ಇನ್ನು ಸಹೋದ್ಯೋಗಿ 'ಕಮಿಯೋನ್‌ನಲ್ಲಿ ಬಂದೆ' ಅಂದರೆ ಲಾರಿ ಹತ್ತಿ ಬಂದರು ಅಂತ ಗಾಬರಿಯಾಗಬೇಡಿ. ಸ್ಪೇನ್‌ನಲ್ಲಿ ಅದು ಲಾರಿ, ಮೆಕ್ಸಿಕೋದಲ್ಲಿ ಸಿಟಿ ಬಸ್ಸು. ಕ್ಯೂಬಾದಲ್ಲಿ ಬಸ್ಸಿಗೆ 'ಗ್ವಾಗ್ವಾ', ಚಿಲಿಯಲ್ಲಿ 'ಗ್ವಾಗ್ವಾ' ಅಂದರೆ ಕೂಸು.

ಒಂದು ಪದವನ್ನು ಮಾತ್ರ ವಿಮಾನ ಹತ್ತುವ ಮುಂಚೆ ಬಾಯಿಂದ ತೆಗೆದುಬಿಡಿ. ಬಸ್ ಹಿಡಿಯೋದಕ್ಕೆ, ಕಾರು ತಗೊಂಡು ಹೋಗೋದಕ್ಕೆ ಸ್ಪೇನ್‌ನವರು 'ಕೊಹೇರ್' ಅನ್ನುತ್ತಾರೆ, ಅಜ್ಜಿಯರೂ ಅನ್ನುತ್ತಾರೆ. ನಿಮ್ಮ ಟೀಚರ್ ಖಂಡಿತ ಹೇಳಿಕೊಟ್ಟಿರುತ್ತಾರೆ. ಮೆಕ್ಸಿಕೋ, ಅರ್ಜೆಂಟೀನಾದಲ್ಲಿ ಅದು ಹಾಸಿಗೆಯ ವಿಷಯದ ಪೋಲಿ ಮಾತು. 'ತೊಮಾರ್' ಅನ್ನಿ, ಹಿಂದೆ ಬಸ್ಸಿನ ಹೆಸರು ಇದ್ದರೆ ಎಣ್ಣೆಯ ಅರ್ಥ ಬರಲ್ಲ. ಇಂಥ ಪೇಚು ಕಂಪನಿಗಳಿಗೂ ತಪ್ಪಿಲ್ಲ. ನಮ್ಮಲ್ಲಿ ಓಡಾಡಿದ ಮಿತ್ಸುಬಿಷಿ ಪಜೇರೊ ಸ್ಪೇನ್‌ನಲ್ಲಿ 'ಮೊಂತೇರೊ' ಅನ್ನುವ ಹೆಸರಲ್ಲಿ ಮಾರಾಟವಾಯಿತು. ಯಾಕೆ ಅಂತ ಸಹೋದ್ಯೋಗಿಯನ್ನು ಕೇಳಿ, ಪಕ್ಕದಲ್ಲಿ ಮ್ಯಾನೇಜರ್ ಇಲ್ಲದಾಗ.

ಈಗ ನಿಮ್ಮ ಬಾಡಿಗೆ ಕಾರು. ಬಾಡಿಗೆಗೆ ತಗೊಳ್ಳೋದು ಮೆಕ್ಸಿಕೋದಲ್ಲಿ 'ರೆಂತಾರ್', ಸ್ಪೇನ್‌ನಲ್ಲಿ 'ಅಲ್ಕಿಲಾರ್'. ಕೌಂಟರಿನಲ್ಲಿ 'ಎಸ್ತಾಂದಾರ್ ಓ ಔತೊಮಾತಿಕೊ?' ಅಂತ ಕೇಳುತ್ತಾರೆ. ಎಸ್ತಾಂದಾರ್ ಅಂದರೆ ಸಾಧಾರಣ ಮಾಡೆಲ್ ಇರಬೇಕು, ಕಡಿಮೆ ದುಡ್ಡು, ಅಂತ ತಲೆ ಆಡಿಸಬೇಡಿ. ಅವರು ಕೇಳುತ್ತಿರೋದು ಗೇರ್ ಹಾಕುವ ಗಾಡಿನಾ, ಆಟೊಮ್ಯಾಟಿಕ್ಕಾ ಅಂತ. ಡಿಕ್ಕಿಗೆ 'ಕಹ್ವೇಲಾ', ಬಾನೆಟ್ಟಿಗೆ 'ಕೋಫ್ರೆ', ಟೈರಿಗೆ 'ಯಾಂತಾ', ಸ್ಟೇರಿಂಗಿಗೆ 'ಬೊಲಾಂತೆ'. ಕ್ಲಚ್ಚಿಗೆ 'ಕ್ಲೋಚ್', ಅಷ್ಟೇ. ನಿಮ್ಮ ಟೀಚರ್ ಪುಸ್ತಕದಲ್ಲಿ 'ಎಂಬ್ರಾಗೆ' ಅಂತ ಇರುತ್ತದೆ, ಅದು ಸ್ಪೇನ್‌ಗೆ. 'ಯಾಂತಾ' ಕೂಡ ಜಾಗ ನೋಡಿ ಬದಲಾಗುತ್ತದೆ. ಸ್ಪೇನ್‌ನಲ್ಲಿ ಅದು ಟೈರಲ್ಲ, ರಿಮ್ಮು. ಇಂಡಿಕೇಟರಿಗೆ ಮೆಕ್ಸಿಕೋದಲ್ಲಿ 'ದಿರೆಕ್ಸಿಯೊನಾಲೆಸ್'. ಸ್ಪೇನ್‌ನಲ್ಲಿ ಅದಕ್ಕೇ 'ಇಂತೆರ್ಮಿತೆಂತೆಸ್' ಅನ್ನುತ್ತಾರೆ, ಆದರೆ ಮೆಕ್ಸಿಕೋದಲ್ಲಿ ಹಾಗಂದರೆ ನಾಲ್ಕೂ ಒಟ್ಟಿಗೆ ಮಿನುಗುವ ಲೈಟು. ಅಲ್ಲಿ ಗಾಡಿ ಓಡೋದು ರಸ್ತೆಯ ಬಲಬದಿಯಲ್ಲಿ, ಇಂಡಿಕೇಟರ್ ಕಡ್ಡಿ ಇರೋದು ಸ್ಟೇರಿಂಗಿನ ಎಡಕ್ಕೆ. ಮೊದಲ ವಾರ ನಾನು ಪ್ರತಿ ತಿರುವಿನಲ್ಲೂ ಬಿಸಿಲಲ್ಲಿ ವೈಪರ್ ಆಡಿಸಿದ್ದೇನೆ. ಹಾಗಾಗಿ ಆ ಪದವೂ ಬೇಗ ಬಂತು, 'ಲಿಂಪಿಯಾಪಾರಾಬ್ರೀಸಾಸ್'.

ಬಂಕಿಗೆ 'ಗಸೊಲಿನೇರಾ'. ಸ್ಪೇನ್‌ನಲ್ಲಿ ಬಹಳ ಕಡೆ ನೀವೇ ಇಳಿದು ಹಾಕಿಕೊಳ್ಳಬೇಕು. ಮೆಕ್ಸಿಕೋದಲ್ಲಿ ನಮ್ಮ ಹಾಗೇ ಹುಡುಗರಿರುತ್ತಾರೆ. ಕಿಟಕಿ ಇಳಿಸಿ 'ಯೇನೊ, ಪೊರ್ ಫಬೋರ್' ಅನ್ನಿ, ಫುಲ್ ಮಾಡಿ ಅಂತ. ನಮ್ಮ ಕಿವಿಗೆ 'ಏನೋ' ಅಂತ ಏಕವಚನದಲ್ಲಿ ಗದರಿಸಿದ ಹಾಗೆ ಕೇಳುತ್ತದೆ, ಮೊದಲ ಸಲ ನನಗೆ ನಾಲಿಗೆ ಏಳಲಿಲ್ಲ. ಸಾದಾ ಪೆಟ್ರೋಲು 'ಮಾಗ್ನಾ', ಅದಕ್ಕೆ 'ಬೆರ್ದೆ', ಹಸಿರು, ಅಂತಲೂ ಹೇಳುತ್ತಾರೆ. 'ಪ್ರೆಮಿಯುಮ್' ಅಂದರೆ 'ರೋಹಾ', ಕೆಂಪು. ಹಾಕುವ ಮುಂಚೆ ಹುಡುಗ ಮೀಟರ್ ತೋರಿಸಿ 'ಎನ್ ಸೇರೊಸ್' ಅನ್ನುತ್ತಾನೆ. ನಮ್ಮ ಬಂಕಿನ 'ಝೀರೋ ನೋಡಿ ಸಾರ್' ಅಲ್ವಾ ಅದು! ಬೇರೆ ದೇಶಕ್ಕೆ ಹೋದರೆ ಪೆಟ್ರೋಲಿನ ಹೆಸರೇ ಬೇರೆ. ಅರ್ಜೆಂಟೀನಾದಲ್ಲಿ 'ನಾಫ್ತಾ', ಚಿಲಿಯಲ್ಲಿ 'ಬೆನ್ಸೀನಾ'. ಪೆರುವಿನಲ್ಲಿ ಬಂಕಿಗೆ 'ಗ್ರೀಫೊ', ಅಂದರೆ ನಲ್ಲಿ.

ಹೆದ್ದಾರಿಗೆ ಬಿದ್ದಾಗ ಫಲಕದಲ್ಲಿ ಒಂದೇ ಊರಿಗೆ ಎರಡು ದಾರಿ ಕಾಣಬಹುದು, 'ಕ್ವೋತಾ' ಮತ್ತು 'ಲೀಬ್ರೆ'. ಮೊದಲನೆಯದಕ್ಕೆ ಟೋಲ್ ಇದೆ, ಎರಡನೆಯದು ಬಿಟ್ಟಿ. ಟೋಲ್ ಗೇಟಿಗೆ 'ಕಸೇತಾ'. ಓವರ್‌ಟೇಕ್‌ಗೆ ಸ್ಪೇನ್‌ನಲ್ಲಿ 'ಅದೆಲಾಂತಾರ್', ಮುಂದಕ್ಕೆ ಹೋಗು ಅಂತ. ಮೆಕ್ಸಿಕೋದಲ್ಲಿ 'ರೆಬಸಾರ್', 'ನೊ ರೆಬಾಸೆ' ಅಂತ ಕಂಡರೆ ಹಿಂದೇನೇ ಇರಿ. 'ಬಿಟ್ಟಿ' ದಾರಿ ಹಿಡಿದರೆ ಊರೂರಿಗೂ 'ತೋಪೆ' ಸಿಗುತ್ತದೆ, ನಮ್ಮ ಹಂಪು. ನಮ್ಮಲ್ಲಿನ ಹಾಗೇ ಕೆಲವಕ್ಕೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ತಲೆ ಸೂರಿಗೆ ಹೊಡೆದ ಮೇಲೆ ಗೊತ್ತಾಗೋದು.

ಈ ಹಂಪಿನ ಹೆಸರುಗಳನ್ನು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ, ನಿಮಗೆ ಬೇಡದಿದ್ದರೂ ಕೇಳಿ. ಕೊಲಂಬಿಯಾದಲ್ಲಿ ಅದು 'ಪೊಲಿಸೀಯಾ ಅಕೊಸ್ತಾದೊ', ಮಲಗಿರುವ ಪೊಲೀಸಪ್ಪ. ಅರ್ಜೆಂಟೀನಾದಲ್ಲಿ 'ಲೋಮೊ ದೆ ಬುರ್ರೊ', ಕತ್ತೆಯ ಬೆನ್ನು. ಬೆಟ್ಟಸಾಲು ದಾಟಿ ಚಿಲಿಗೆ ಹೋದರೆ ಕತ್ತೆ ಹೋಗಿ ಗೂಳಿಯ ಬೆನ್ನಾಗುತ್ತದೆ, 'ಲೋಮೊ ದೆ ತೋರೊ'. ಪೆರುವಿನವರು ಮುಚ್ಚುಮರೆ ಇಲ್ಲದೆ 'ರೊಂಪೆಮ್ವೇಯೆಸ್' ಅನ್ನುತ್ತಾರೆ, ಸ್ಪ್ರಿಂಗ್ ಮುರುಕ. ಟ್ರಾಫಿಕ್ ಜಾಮಿಗೂ ಹೀಗೇ. ಸ್ಪೇನ್‌ನಲ್ಲಿ 'ಅತಾಸ್ಕೊ', ಕೊಲಂಬಿಯಾದಲ್ಲಿ 'ತ್ರಾಂಕೋನ್', ಕೋಸ್ಟರಿಕಾದಲ್ಲಿ 'ಪ್ರೇಸಾ' ಅಂದರೆ ಅಣೆಕಟ್ಟು, ಪೋರ್ಟೊರಿಕೊದಲ್ಲಿ 'ತಪೋನ್' ಅಂದರೆ ಬಿರಡೆ. ಚಿಲಿಯಲ್ಲಿ 'ತಾಕೊ'. ಮೆಕ್ಸಿಕೋದಲ್ಲಿ ತಾಕೊ ತಿನ್ನೋದು, ಜಾಮಿಗೆ ಸುಮ್ನೆ 'ತ್ರಾಫಿಕೊ' ಅಂದರೆ ಸಾಕು.

ದಾರಿ ಕೇಳುವಾಗ ಒಂದೇ ಒಂದು ಅಕ್ಷರದ ಮೇಲೆ ಕಣ್ಣಿಡಿ. 'ದೆರೆಚಾ' ಅಂದರೆ ಬಲ. 'ದೆರೆಚೊ' ಅಂದರೆ ನೇರ. ಸ್ಪೇನ್‌ನಲ್ಲಿ ನೇರಕ್ಕೆ 'ರೆಕ್ತೊ' ಅನ್ನುವುದರಿಂದ ಈ ಗೊಂದಲ ಕಡಿಮೆ, ನನಗೂ ಅಲ್ಲಿರುವ ತನಕ ಬಂದಿರಲಿಲ್ಲ. ಮೆಕ್ಸಿಕೋದ ಪ್ವೆಬ್ಲಾ ಊರಲ್ಲಿ ಒಂದು ಭಾನುವಾರ ಟ್ಯಾಕ್ಸಿ ಹತ್ತಿದೆ. ಅಲ್ಲಿಯವಳ ಹಾಗೇ ಮಾತಾಡಬೇಕು ಅನ್ನುವ ಉಮೇದು. ನೇರ ಹೋಗಿ ಅನ್ನೋಕೆ 'ತೋದೊ ದೆರೆಚಾ' ಅಂದೆ. ಡ್ರೈವರ್ ಬಲಕ್ಕೆ ತಿರುಗಿಸಿದರು. ನಾನು ಗಾಬರಿಯಾಗಿ ಇನ್ನೂ ಜೋರಾಗಿ 'ದೆರೆಚಾ, ದೆರೆಚಾ!' ಅಂದೆ. ಅವರು ಮತ್ತೆ ಬಲಕ್ಕೆ ತಿರುಗಿಸಿದರು. ಮುಂದೆ ರಸ್ತೆ ತುಂಬ ನೀಲಿ ಟಾರ್ಪಾಲು ಕಟ್ಟಿದ ಸಂತೆ, 'ತಿಯಾಂಗಿಸ್' ಅನ್ನುತ್ತಾರೆ. ಮಾವಿನಹಣ್ಣಿನ ರಾಶಿ ಬಾನೆಟ್ಟಿಗೆ ಒಂದು ಅಡಿ ದೂರದಲ್ಲಿತ್ತು. ಹಿಂದೆ ಇನ್ನೊಂದು ವ್ಯಾನು ಬಂದು ನಿಂತಿತು. ಡ್ರೈವರ್ ಇಂಜಿನ್ ಆಫ್ ಮಾಡಿ, ಕನ್ನಡಿಯಲ್ಲಿ ನನ್ನನ್ನು ನೋಡಿ ತುಂಬ ಮರ್ಯಾದೆಯಿಂದ ಕೇಳಿದರು, 'ದೆರೆಚೊ, ಓ ಆ ಲಾ ದೆರೆಚಾ, ಸೆನ್ಯೊರೀತಾ?' ನೇರವೋ, ಬಲಕ್ಕೋ? ಆಮೇಲೆ ನಾನೇ ಒಂದು ಗುರುತು ಮಾಡಿಕೊಂಡೆ. ದೆರೆ'ಚಾ' ಅಂದರೆ ಚಾ ಲೋಟ ಹಿಡಿಯುವ ಕೈ, ಬಲಗೈ. ಬಲಕ್ಕೆ ಅನ್ನುವಾಗ ಮುಂದೆ 'ಆ ಲಾ' ಬಂದೇ ಬರುತ್ತದೆ, ಅದನ್ನೂ ಕಿವಿಯಲ್ಲಿಟ್ಟುಕೊಳ್ಳಿ. ಎಡಕ್ಕೆ 'ಇಸ್ಕಿಯೇರ್ದಾ', ಅದರಲ್ಲಿ ಯಾವ ತೊಂದರೆಯೂ ಇಲ್ಲ, ನಾಲಿಗೆ ಹೊರಳೋದು ಬಿಟ್ಟರೆ.

ಪೊಲೀಸರು ನಿಲ್ಲಿಸಿದರೆ ಕೇಳೋದು 'ಲಿಸೆನ್ಸಿಯಾ ಇ ತಾರ್ಹೇತಾ ದೆ ಸಿರ್ಕುಲಾಸಿಯೋನ್'. ನಮ್ಮ 'ಡಿಎಲ್, ಆರ್‌ಸಿ ತೋರ್ಸಿ'. ದಂಡಕ್ಕೆ 'ಮುಲ್ತಾ'. ಸಿಗ್ನಲ್ ಜಂಪ್ ಮಾಡೋದು 'ಪಸಾರ್ಸೆ ಎಲ್ ಆಲ್ತೊ', ಇದನ್ನು ಅರ್ಥ ಮಾಡಿಕೊಳ್ಳಿ, ಮಾಡಬೇಡಿ.

ಕೊನೆಗೆ ಪಾರ್ಕಿಂಗ್. ಕ್ರಿಯಾಪದ ಮತ್ತೆ ದೇಶಕ್ಕೊಂದು. ಸ್ಪೇನ್‌ನಲ್ಲಿ 'ಅಪಾರ್ಕಾರ್', ಕೊಲಂಬಿಯಾದಲ್ಲಿ 'ಪಾರ್ಕೆಯಾರ್', ನಿಮಗೆ ಬೇಕಾದದ್ದು 'ಎಸ್ತಾಸಿಯೊನಾರ್'. ಆದರೆ ಗ್ವಾದಲಹಾರಾದಲ್ಲಿ ಮೊದಲ ದಿನ ಊಟದ ಹೋಟೆಲಿನ ಮುಂದೆ ಕಾರು ಹಿಂದಕ್ಕೆ ತಗೊಳ್ಳುವಾಗ ಈ ಪದ ಯಾರೂ ಹೇಳೋದಿಲ್ಲ. ಎಲ್ಲಿಂದಲೋ ಒಬ್ಬರು ಕೆಂಪು ಬಟ್ಟೆ ಬೀಸುತ್ತಾ ಓಡಿ ಬರುತ್ತಾರೆ. ಕೇಳಿದವರಿಲ್ಲ, ನೇಮಿಸಿದವರಿಲ್ಲ. 'ಬಿಯೇನೆ, ಬಿಯೇನೆ, ಬಿಯೇನೆ' ಅಂತ ಕೂಗುತ್ತಾರೆ. 'ಬರುತ್ತೆ, ಬರುತ್ತೆ' ಅಂತ. ಆ ಕೆಲಸ ಮಾಡುವವರಿಗೇ ಅಲ್ಲಿ 'ಬಿಯೇನೆ ಬಿಯೇನೆ' ಅಂತ ಹೆಸರು. ಸ್ಟೇರಿಂಗ್ ತಿರುಗಿಸಿ ಅನ್ನೋಕೆ 'ಕಿಯೇಬ್ರೆಲೆ' ಅನ್ನುತ್ತಾರೆ, ಪದಶಃ 'ಮುರೀರಿ'. ನೀವು ಗಾಬರಿಯಾಗೋದು ಬೇಡ, ಮೆಜೆಸ್ಟಿಕ್‌ನಲ್ಲಿ ಬಸ್ಸು ರಿವರ್ಸ್ ತೆಗೆಯುವಾಗ ಹಿಂದಿನಿಂದ ತಟ್ಟುತ್ತಾ 'ಬರ್ಲಿ ಬರ್ಲಿ ಬರ್ಲಿ, ಫುಲ್ ಕಟ್ ಮಾಡಿ' ಅನ್ನೋದನ್ನು ಕೇಳಿಯೇ ಇದ್ದೀರಿ. ಅವರು ಕೈ ಎತ್ತಿದಾಗ ನಿಲ್ಲಿಸಿ. ಕೆಳಗಿಳಿಯುವಾಗ ಹತ್ತಿಪ್ಪತ್ತು ಪೆಸೊ ಚಿಲ್ಲರೆ ಕೈಯಲ್ಲಿರಲಿ.